ಪುಟ್ಟೇನಹಳ್ಳಿಯ ನೀರು ಯಾರ ಹಿಡಿತದಲ್ಲಿ?

ಬೋಟ್ಸ್ವಾನಾ ದೇಶದ ನಡುಭಾಗದ ಕಲಹಾರಿ ಮರಳುಗಾಡಿನ ಅಭಯಾರಣ್ಯವೊಂದರೊಳಗೆ ಮೊಥೊಮೆಲೊ ಎಂಬ ಪುಟ್ಟ ಊರಿದೆ. 2002ರಲ್ಲಿ ಅಲ್ಲಿನ ಸರ್ಕಾರ ಆ ಊರಿನ ಕೊಳವೆಬಾವಿಯ ಪಂಪು ಕಳಚಿ, ಬಾವಿಯ ಬಾಯಿ ಮುಚ್ಚಿಸಿತು. ಸುತ್ತಲಿನ ಸಣ್ಣ ನೆಲೆಗಳಿಗೂ ನೀರು ಹೋಗುತ್ತಿದ್ದುದು ಅಲ್ಲಿಂದಲೇ. ಸಾನ್ ಬುಡಕಟ್ಟಿನವರನ್ನೂ ಅವರ ನೆರೆಹೊರೆಯವರನ್ನೂ ಲಾರಿಗಳಲ್ಲಿ ಕೂರಿಸಿ ಅಭಯಾರಣ್ಯದ ಹೊರಗೆ ಕಟ್ಟಿದ್ದ ಕಾಲೊನಿಗಳಿಗೆ ಸಾಗಿಸಲಾಯಿತು. 1961ರಲ್ಲಿ ಘೋಷಣೆಯಾದ ಆ ಅಭಯಾರಣ್ಯದ ವಿಸ್ತಾರ 52 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಜನ ಅಲ್ಲಿದ್ದರೆ ವನ್ಯಜೀವಿಗಳಿಗೆ ತೊಂದರೆ, ಅಷ್ಟು ದೂರದ ಊರುಗಳಿಗೆ ಸೌಕರ್ಯ ಒದಗಿಸುವುದು ದುಬಾರಿ ಎಂಬುದು ಸರ್ಕಾರದ ವಾದ.

ಜನ ಕೋರ್ಟಿಗೆ ಹೋದರು. 2006ರ ಡಿಸೆಂಬರಿನಲ್ಲಿ ಹೈಕೋರ್ಟು ಅವರನ್ನು ಎಬ್ಬಿಸಿದ್ದು ತಪ್ಪೆಂದಿತು. ಆದರೆ ನಿಲ್ಲಿಸಿದ ಸೌಕರ್ಯಗಳನ್ನು ಮತ್ತೆ ಕೊಡಲೇಬೇಕೆಂದು ಹೇಳಲಿಲ್ಲ. ಕೆಲವರು ಊರಿಗೆ ಮರಳಿದರು, ಬಾವಿ ಮುಚ್ಚಿಯೇ ಇತ್ತು. ಮಳೆ ಬಂದಾಗ ತಗ್ಗಿನಲ್ಲಿ ನಿಂತ ನೀರು, ಕಲ್ಲಂಗಡಿ ಜಾತಿಯ ತ್ಸಮ್ಮಾ ಕಾಯಿ, ನೆಲದಡಿಯ ಗೆಡ್ಡೆಗಳ ರಸ, ಇವುಗಳ ಮೇಲೆ ದಿನ ದೂಡಿದರು. ನಮ್ಮದೇ ಖರ್ಚಿನಲ್ಲಿ ಆ ಬಾವಿಯನ್ನು ತೆರೆದುಕೊಳ್ಳುತ್ತೇವೆ ಎಂದು ಕೇಳಿದ್ದಕ್ಕೂ 2010ರ ಜುಲೈನಲ್ಲಿ ಹೈಕೋರ್ಟು ಒಪ್ಪಲಿಲ್ಲ. ಅದೇ ಅಭಯಾರಣ್ಯದೊಳಗೆ ವಜ್ರದ ಗಣಿಗೆಂದು ನೆಲ ಕೊರೆಯಲು ಅನುಮತಿ ಇತ್ತು, ಪ್ರವಾಸಿಗಳ ತಂಗುದಾಣದಲ್ಲಿ ಈಜುಕೊಳ ಇತ್ತು. ಕೊನೆಗೆ 2011ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ, ಹಳೆಯ ಬಾವಿಯನ್ನು ಬಳಸಲೂ ಹೊಸದನ್ನು ಕೊರೆಸಲೂ ಆ ಜನರಿಗೆ ಹಕ್ಕಿದೆ ಎಂದಿತು.

ಈ ಕಥೆಯನ್ನು ಓದುವಾಗೆಲ್ಲ ನನ್ನ ಮನಸ್ಸು ಉತ್ತರ ಬೆಂಗಳೂರಿನ ಪುಟ್ಟೇನಹಳ್ಳಿಗೆ ಹೋಗುತ್ತದೆ. ಯಲಹಂಕದ ಮಗ್ಗುಲಿನ ಈ ಊರಿನಿಂದ ಯಾರನ್ನೂ ಲಾರಿ ಹತ್ತಿಸಿ ಕಳಿಸಲಿಲ್ಲ, ಬಾವಿಯ ಬಾಯಿಗೆ ಸರ್ಕಾರ ಮುಚ್ಚಳ ಹಾಕಲಿಲ್ಲ. ಆದರೂ ಎರಡು ಊರುಗಳಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಊರಿನ ನೀರಿನ ಬಗ್ಗೆ ತೀರ್ಮಾನ ಮಾಡುವವರು ಯಾರು? ಒಂದು ಊರು ಮರಳುಗಾಡಾಗುವುದೋ ಬದುಕುವುದೋ ಎಂಬುದನ್ನು ಮಳೆಯ ಪ್ರಮಾಣಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಈ ಪ್ರಶ್ನೆಗೆ ಸಿಗುವ ಉತ್ತರ ಎಂಬುದು ನನ್ನ ನಂಬಿಕೆ.

ಮೊದಲು ಮಳೆಯ ಲೆಕ್ಕವನ್ನೇ ನೋಡೋಣ. ಮಧ್ಯ ಕಲಹಾರಿಯಲ್ಲಿ ವರ್ಷಕ್ಕೆ ಸುಮಾರು 300ರಿಂದ 400 ಮಿಲಿಮೀಟರ್ ಮಳೆ. ಚಳ್ಳಕೆರೆ, ಪಾವಗಡದ ಕಡೆಯವರಿಗೆ ಈ ಅಂಕಿ ತೀರಾ ಹೊಸದೆನಿಸಲಾರದು. ಬೆಂಗಳೂರಿಗೆ ಸುರಿಯುವುದು ಅದರ ಎರಡೂವರೆ ಪಟ್ಟು, 900 ಮಿಲಿಮೀಟರಿಗೂ ಮೇಲೆ. 30×40 ಸೈಟಿನ ಮೇಲೆ ಬೀಳುವ ಮಳೆಯೇ ವರ್ಷಕ್ಕೆ ಒಂದು ಲಕ್ಷ ಲೀಟರ್ ಆಗುತ್ತದೆ. ಪುಟ್ಟೇನಹಳ್ಳಿ ಕೆರೆಯ ವಿಸ್ತೀರ್ಣ ಸುಮಾರು 37 ಎಕರೆ. ಸುತ್ತಲಿನ ಜಲಾನಯನವನ್ನೆಲ್ಲ ಬಿಡಿ, ಬರೀ ಆ ಅಂಗಳದ ಮೇಲೆ ನೇರವಾಗಿ ಬೀಳುವ ಮಳೆಯೇ 13 ಕೋಟಿ ಲೀಟರ್ ದಾಟುತ್ತದೆ. ಟ್ಯಾಂಕರಿನ ಲೆಕ್ಕದಲ್ಲಿ ಹೇಳಬೇಕೆಂದರೆ, 12 ಸಾವಿರ ಲೀಟರಿನ ದೊಡ್ಡ ಟ್ಯಾಂಕರುಗಳು ಹನ್ನೊಂದು ಸಾವಿರ ಸಲ ಬಂದು ಹೋಗಬೇಕು. ಇಷ್ಟಿದ್ದೂ 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ ಅರ್ಧದಷ್ಟು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಬೇಕಾಯಿತು.

ಇನ್ನೂ ಒಣ ಊರುಗಳಿವೆ. ನಮೀಬಿಯಾದ ನಮೀಬ್ ಮರಳುಗಾಡಿನಲ್ಲಿ ಕುಯಿಸೆಬ್ ಎಂಬ ನದಿ ಹರಿಯುತ್ತದೆ. ಹರಿಯುತ್ತದೆ ಎನ್ನುವುದೂ ವರ್ಷದಲ್ಲಿ ಕೆಲವು ದಿನಗಳ ಮಟ್ಟಿಗೆ, ಮೇಲಿನ ಗುಡ್ಡಗಳಲ್ಲಿ ಮಳೆಯಾದರೆ ಮಾತ್ರ. ಅದರ ದಂಡೆಯ ಗೊಬಾಬೆಬ್ ಸಂಶೋಧನಾ ಕೇಂದ್ರದ ಬಳಿ ವರ್ಷದ ಮಳೆ 25 ಮಿಲಿಮೀಟರ್ ಆಸುಪಾಸು. ಬೆಂಗಳೂರಿನಲ್ಲಿ ಒಂದು ಸಂಜೆಯ ಗುಡುಗು ಮಳೆಗೆ ಅಷ್ಟು ಬೀಳುತ್ತದೆ. ಆ ಒಣ ಹೊಳೆಯ ಉದ್ದಕ್ಕೂ ಟೊಪ್ನಾರ್ ಜನರ ಸಣ್ಣ ಸಣ್ಣ ಊರುಗಳಿವೆ: ನಾಲ್ಕಾರು ಮನೆ, ಆಡುಗಳ ದೊಡ್ಡಿ, ಹೊಳೆಯ ಮರಳಿಗೆ ಬೇರು ಇಳಿಸಿದ ಜಾಲಿ ಸಂಬಂಧದ ದೊಡ್ಡ ಮರಗಳು. ಆ ಮರಗಳ ಕಾಯಿ ಉದುರಿದಾಗ ಆಡುಗಳಿಗೆ ಹಬ್ಬ. ನಮ್ಮ ಬಯಲುಸೀಮೆಯಲ್ಲಿ ಜಾಲಿಕಾಯಿ ಬಡಿದು ಮೇಕೆಗೆ ಹಾಕಿ ಬೆಳೆದವರಿಗೆ ಈ ಚಿತ್ರ ತಟ್ಟನೆ ಅರ್ಥವಾದೀತು.

ಅಲ್ಲಿನ ಬದುಕಿನ ನಡುವೆ ಇರುವುದು ನಾರಾ ಎಂಬ ಬಳ್ಳಿ. ಎಲೆಯೇ ಇಲ್ಲದ, ಮೈತುಂಬ ಮುಳ್ಳಿರುವ ಈ ಗಿಡ ಮರಳದಿಬ್ಬಗಳ ಮೇಲೆ ಹಬ್ಬಿ, ಬೇರನ್ನು ಹತ್ತಾರು ಅಡಿ ಕೆಳಗಿನ ಅಂತರ್ಜಲಕ್ಕೆ ಇಳಿಸುತ್ತದೆ. ಸುಗ್ಗಿಯಲ್ಲಿ ಟೊಪ್ನಾರರು ಕತ್ತೆಗಾಡಿ ಕಟ್ಟಿಕೊಂಡು ಹೋಗಿ ಕಾಯಿ ಆರಿಸುತ್ತಾರೆ. ಸೀಳಿ, ತಿರುಳನ್ನು ಡ್ರಮ್ಮಿನಲ್ಲಿ ಹಾಕಿ ಗಂಟೆಗಟ್ಟಲೆ ಕುದಿಸಿ, ಸೋಸಿ ಬೀಜ ಬೇರ್ಪಡಿಸುತ್ತಾರೆ. ಉಳಿದ ರಸವನ್ನು ಮರಳ ಮೇಲೆ ತೆಳ್ಳಗೆ ಹರವಿ ಬಿಸಿಲಿಗೆ ಬಿಟ್ಟರೆ ಮಾವಿನ ಹಪ್ಪಳದ ಹಾಗೆ ಒಣಗುತ್ತದೆ. ವರ್ಷವಿಡೀ ತಿನ್ನಲು ಅದು, ಮಾರಲು ಬೀಜ. ಯಾವ ಪೊದೆ ಯಾವ ಮನೆತನದ್ದು ಎಂಬುದು ಹಿಂದೆ ಕಟ್ಟುನಿಟ್ಟಾಗಿತ್ತು. ಮಳೆ ಇಲ್ಲದ ಕಡೆ ಊರು ನಿಂತದ್ದು ಇಂಥ ಲೆಕ್ಕದ ಮೇಲೆ. ನೀರು ಮರಳಿನಡಿಯಲ್ಲಿ ಎಲ್ಲಿದೆ, ಎಷ್ಟಿದೆ, ಅದರಲ್ಲಿ ಯಾರದು ಎಷ್ಟು ಎಂಬುದು ಊರಿನವರಿಗೇ ಗೊತ್ತಿತ್ತು, ಊರಿನವರ ಮಾತೇ ನಡೆಯುತ್ತಿತ್ತು.

ಆಮೇಲೆ ಕರಾವಳಿಯ ವಾಲ್ವಿಸ್ ಬೇ ಪಟ್ಟಣ ಬೆಳೆಯಿತು, 1976ರಲ್ಲಿ ರೋಸಿಂಗ್ ಯುರೇನಿಯಂ ಗಣಿ ಶುರುವಾಯಿತು. ಕುಯಿಸೆಬ್‌ನ ಮರಳಿನಡಿಯ ನೀರಿಗೆ ಪಂಪು ಇಟ್ಟು ಪೈಪುಗಳಲ್ಲಿ ಆ ಕಡೆ ಸಾಗಿಸಿದರು. ನೀರಿನ ಮಟ್ಟ ಇಳಿಯಿತು, ಊರಿನವರ ಕೈಬಾವಿಗಳಿಗೆ ನೀರು ನಿಲುಕದಾಯಿತು. ಹೊಳೆಯ ನೀರು ಯಾರಿಗೆ ಎನ್ನುವ ತೀರ್ಮಾನ ಊರಿನಿಂದ ಕೈಬಿಟ್ಟು ಹೋಗಿತ್ತು.

ಪುಟ್ಟೇನಹಳ್ಳಿಯದೂ ಹುಟ್ಟಿನಿಂದ ಒಣನೆಲವೇ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಬಿದ್ದ ನೀರು ನಾಲ್ಕೂ ಕಡೆ ಇಳಿದು ಹೋಗುತ್ತದೆ, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಹೀಗಿರುವಲ್ಲಿ ಊರು ಹುಟ್ಟಿದ್ದೇ ಕೆರೆ ಕಟ್ಟಿದ್ದರಿಂದ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆ ತುಂಬುವ ಹಾಗೆ ಸರಪಣಿ ಮಾಡಿದ್ದರು. 1866ರಲ್ಲಿ ಎಂಜಿನಿಯರ್ ಮೇಜರ್ ಸ್ಯಾಂಕಿ ಮೈಸೂರು ಸಂಸ್ಥಾನದ ಕೆರೆಗಳ ಬಗ್ಗೆ ವರದಿ ಬರೆಯುವಾಗ, ಹೊಸದಾಗಿ ದೊಡ್ಡ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನುವ ಮಟ್ಟಿಗೆ ಈ ಕೆಲಸ ಮುಗಿದುಹೋಗಿತ್ತು. ಕೆರೆಗಳನ್ನು ನೋಡಿಕೊಳ್ಳುವ ಏರ್ಪಾಡು ಸಡಿಲಗೊಂಡಿದ್ದ ಹೊತ್ತಿನಲ್ಲೇ 1876–78ರ ಬರ ಬಂತು, ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಸತ್ತರು. ಇಲ್ಲಿ ಕೆರೆ ಎಂದರೆ ಊರಿನ ಅಂದಚೆಂದದ ವಿಷಯ ಆಗಿರಲೇ ಇಲ್ಲ.

ಕೆರೆಯ ಜೊತೆಗೊಬ್ಬ ನೀರುಗಂಟಿ ಇರುತ್ತಿದ್ದ. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ಅಡ್ಡಪಟ್ಟಿ, ಅದರೊಳಗಿಂದ ಕೆಳಗಿನ ತೂಬಿನ ಕಂಡಿಗೆ ಇಳಿದ ಗೂಟ. ನೀರು ಬಿಡುವ ದಿನ ಅವನು ನೀರಿಗಿಳಿದು ಕಂಬದ ತನಕ ಹೋಗಿ, ಗೂಟವನ್ನು ಅಳತೆ ನೋಡಿ ಎತ್ತುತ್ತಿದ್ದ. ಈ ಬೆಳೆಗೆ ಎಷ್ಟು ಗದ್ದೆಗೆ ನೀರು ಎಟುಕೀತು, ಮೊದಲು ಯಾರ ಮಡಿಗೆ, ಬೇಸಿಗೆಗೆ ದನಕ್ಕೆ ಕುಡಿಯಲು ಎಷ್ಟು ಉಳಿಸಬೇಕು ಎಂಬುದು ಅವನ ಲೆಕ್ಕ. ಕಾಲುವೆ ಕಟ್ಟಿಕೊಂಡರೆ ಬಿಡಿಸುವವನೂ ಅವನೇ, ರಾತ್ರಿ ಮಳೆಯಲ್ಲಿ ಏರಿ ಜಿನುಗಿದರೆ ಊರನ್ನು ಎಬ್ಬಿಸುವವನೂ ಅವನೇ. ಬೇಸಿಗೆಯಲ್ಲಿ ಊರವರು ಕೆರೆಯ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಯ ಹೂಳೂ ಖಾಲಿಯಾಯಿತು.

ಇದನ್ನು ಹಾಡಿ ಹೊಗಳುವ ಮೊದಲು ಒಂದು ಮಾತು ಹೇಳಲೇಬೇಕು. ಬಹುತೇಕ ಕಡೆ ನೀರುಗಂಟಿ ದಲಿತ. ಇಡೀ ಊರಿಗೆ ನೀರು ಹಂಚುತ್ತಿದ್ದವನು ಮೇಲ್ಜಾತಿಯವರ ಬಾವಿಯಿಂದ ಒಂದು ಕೊಡ ಸೇದುವಂತಿರಲಿಲ್ಲ. ಹಂಚುವ ದುಡಿಮೆ ಅವನದು, ಹಂಚಿಕೆಯ ಕಟ್ಟಳೆ ಭೂಮಿ ಇದ್ದವರದು. ಹಳೆಯ ಊರನ್ನು ಹಾಗೇ ಎತ್ತಿ ತಂದು ಕೂರಿಸಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಹಾಗಂತ ಜಾತಿಯ ಅನ್ಯಾಯವನ್ನು ಅಳಿಸುವ ಕೆಲಸವೂ ಊರಿನ ಕೈಯಿಂದ ನೀರನ್ನು ಕಿತ್ತುಕೊಳ್ಳುವ ಕೆಲಸವೂ ಒಂದೇ ಆಗುವುದಿಲ್ಲ. ನಾವು ಎರಡನೆಯದನ್ನು ಮಾಡಿ ಮುಗಿಸಿದೆವು, ಮೊದಲನೆಯದು ಇನ್ನೂ ಬಾಕಿ ಇದೆ.

ಕಿತ್ತುಕೊಂಡದ್ದು ಒಂದು ದಿನದಲ್ಲಿ ಅಲ್ಲ. ನಗರ ತನ್ನ ಕೆರೆಗಳು ಸಾಲವೆಂದು 1894ರಲ್ಲಿ ಹೆಸರಘಟ್ಟಕ್ಕೆ ಹೋಯಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಗೆ, 1974ರಲ್ಲಿ ಕಾವೇರಿಗೆ. ಪ್ರತಿಸಲ ನೀರು ಇನ್ನಷ್ಟು ದೂರದಿಂದ ಬಂತು, ಪ್ರತಿಸಲ ಹತ್ತಿರದ ನೀರು ಅಷ್ಟಷ್ಟು ಬೇಡವಾಯಿತು. 2007ರಲ್ಲಿ ಯಲಹಂಕ ನಗರಸಭೆ ಬೃಹತ್ ಬೆಂಗಳೂರಿಗೆ ಸೇರಿತು. ಗದ್ದೆಗಳು ಲೇಔಟ್ ಆದ ಮೇಲೆ ತೂಬಿಗೆ ಕೆಲಸವಿಲ್ಲ, ತೂಬಿಗೆ ಕೆಲಸವಿಲ್ಲದ ಮೇಲೆ ನೀರುಗಂಟಿ ಬೇಕಾಗಲಿಲ್ಲ, ಹೊಲವಿಲ್ಲದ ಮೇಲೆ ಗೋಡು ಯಾರಿಗೂ ಬೇಡ. ಈಗ ಸುತ್ತಲಿನ ಅಪಾರ್ಟ್‌ಮೆಂಟಿನವರು ನಲ್ಲಿ ತಿರುಗಿಸಿದರೆ ಬರುವ ನೀರು ನೂರು ಕಿಲೋಮೀಟರ್ ದೂರದ ಕಾವೇರಿಯದು, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬಂದದ್ದು. ಅದು ಸಾಲದಿದ್ದರೆ ಕೊಳವೆಬಾವಿ, ಅದೂ ಬತ್ತಿದರೆ ಟ್ಯಾಂಕರು. ಮರಳಿನ ಕೆಳಗೆ ತನ್ನ ನೀರು ಎಲ್ಲಿದೆಯೆಂದು ಬಲ್ಲ ಕುಯಿಸೆಬ್ ದಂಡೆಯ ಟೊಪ್ನಾರ್ ಅಜ್ಜಿಯೊಬ್ಬಳನ್ನು ಕುಗ್ರಾಮದಲ್ಲಿದ್ದಾಳೆ ಎಂದು ಕರೆಯುವ ನಾವು, ನಮ್ಮ ನೀರಿನಿಂದ ನಾವೆಷ್ಟು ದೂರ ಇದ್ದೇವೆಂದು ಒಮ್ಮೆ ಅಳೆದು ನೋಡಬೇಕು.

ಕಾವೇರಿ ಐದನೇ ಹಂತ ಬಂದಿದೆಯಲ್ಲ, ಇನ್ನೇಕೆ ಈ ಚಿಂತೆ ಎನ್ನುವವರಿದ್ದಾರೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಆ ಯೋಜನೆ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಹೊರವಲಯದ 110 ಹಳ್ಳಿಗಳಿಗೆ ಮುಟ್ಟಿಸುವ ಉದ್ದೇಶದ್ದು. ಆ ಹಳ್ಳಿಗಳ ಹೆಂಗಸರ ಕೊಡ ಹೊರುವ ಕಷ್ಟ ತಪ್ಪುವುದಾದರೆ ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕಾವೇರಿಯ ಪೈಪು ಮಳೆಗಾಲದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ನೆಲಮಹಡಿಗಳು ಮುಳುಗಿ, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಪಾಡು. ಅದೇ ವರ್ಷದ ಮಾರ್ಚ್‌ನಲ್ಲಿ ನಗರ ನೀರಿಲ್ಲದೆ ಒದ್ದಾಡಿತ್ತು. ಒಂದೇ ವರ್ಷದಲ್ಲಿ ಬರವೂ ನೆರೆಯೂ ಬರುವುದು ಮಳೆಯ ದೋಷದಿಂದಲ್ಲ. ಕೋಡಿಯಿಂದ ಮುಂದಿನ ಕೆರೆಗೆ ಹೋಗುವ ದಾರಿಯನ್ನು ಕಾಯುವವರು ಯಾರೂ ಇಲ್ಲದ್ದರಿಂದ.

ಪುಟ್ಟೇನಹಳ್ಳಿ ಕೆರೆಯ ಸಂಗತಿ ಬೇರೆ, ಅದನ್ನು ಸರ್ಕಾರ ಕಾಪಾಡಿದೆ ಎಂಬ ಇನ್ನೊಂದು ವಾದವೂ ಇದೆ. ಅದರಲ್ಲಿ ನಿಜವಿದೆ. 2015ರಲ್ಲಿ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಾಗಾಗಿಯೇ ಇಂದಿಗೂ ಇಲ್ಲಿ ಕೆನ್ನೀಲಿ ಬಕ, ಬಣ್ಣದ ಕೊಕ್ಕರೆ, ಹಾವಕ್ಕಿ ಸಿಗುತ್ತವೆ. ನೀರಿನಿಂದೆದ್ದ ಹಾವಕ್ಕಿ ಒಣಕೊಂಬೆಯ ಮೇಲೆ ರೆಕ್ಕೆ ಎರಡನ್ನೂ ಅಗಲಿಸಿ ಬಿಸಿಲಿಗೆ ಒಡ್ಡಿ, ಉದ್ದನೆಯ ಕೊರಳನ್ನು ಅತ್ತಿತ್ತ ಹೊರಳಿಸುತ್ತ ಕೂತಿರುವುದನ್ನು ನೋಡಿದವರಾರಿಗೂ ಈ ಕೆರೆ ಲೇಔಟಾಗದೆ ಉಳಿದದ್ದು ಸಣ್ಣ ಸಂಗತಿ ಎನಿಸಲಾರದು. ಧರ್ಮಾಂಬುಧಿ ಕೆರೆ ಬಸ್‌ಸ್ಟ್ಯಾಂಡಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ಊರು ಇದು.

ಆದರೆ ಬೇಲಿಯಿಂದ ಹಕ್ಕಿಗಳನ್ನು ಎಷ್ಟು ದಿನ ಕಾಯಬಹುದು? ಕೆರೆ ಕಾಡಿನ ಹಾಗೆ ತಾನೇ ತಾನಾಗಿ ಇರುವಂಥದ್ದಲ್ಲ, ಮನುಷ್ಯ ಕಟ್ಟಿದ್ದು. ಕಾಲುವೆ ಬಿಡಿಸದಿದ್ದರೆ ನೀರು ಬರದು, ಹೂಳೆತ್ತದಿದ್ದರೆ ನೀರು ನಿಲ್ಲದು. ನೀರು ಬರುವ ದಾರಿಯಾಗಲಿ, ಆ ದಾರಿಯಲ್ಲಿ ಸೇರಿಕೊಳ್ಳುವ ಚರಂಡಿಯಾಗಲಿ ಬೇಲಿಯ ಹೊರಗಿವೆ. ಕೆರೆಯಂಗಳ ಅರಣ್ಯ ಇಲಾಖೆಯದು, ರಾಜಕಾಲುವೆ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು. ಮಗ್ಗುಲಲ್ಲೇ ವಿದ್ಯುತ್ ನಿಗಮದ ಸ್ಥಾವರ ಇದೆ. ಮೊದಲು ಡೀಸೆಲ್ಲಿನದಾಗಿತ್ತು, ಅಲ್ಲೀಗ 370 ಮೆಗಾವಾಟಿನ ಅನಿಲ ಘಟಕ 2024ರಲ್ಲಿ ಉದ್ಘಾಟನೆಯಾಗಿದೆ. ಅದಕ್ಕೆ ಬೇಕಾದ ನೀರನ್ನು ಜಕ್ಕೂರಿನ ಕೊಳಚೆನೀರು ಶುದ್ಧೀಕರಣ ಘಟಕದಿಂದ ಕೊಡುವುದು ಯೋಜನೆಯಲ್ಲೇ ಇತ್ತು. ಜಕ್ಕೂರು ಕೆರೆ ಬೇಸಿಗೆಯಲ್ಲೂ ತುಂಬಿರುವುದು ಅದೇ ನೀರಿನಿಂದ, ಅಲ್ಲಿ ಮೀನು ಹಿಡಿದು ಬದುಕುವ ಸಂಸಾರಗಳಿವೆ. ವಿದ್ಯುತ್ತು ಬೇಡವೆಂದು ನಾನು ಹೇಳುತ್ತಿಲ್ಲ. ಕುಯಿಸೆಬ್‌ನಲ್ಲಿ ಗಣಿಗೂ ನೀರು ಬೇಕಾಗಿತ್ತು. ಯಾರಿಗೆ ಎಷ್ಟು ಎಂದು ಗೀಟು ಎಳೆಯುವ ಹೊತ್ತಿನಲ್ಲಿ ಆ ನೀರಿನ ದಡದ ಜನ ಎದುರಿಗೆ ಕೂತಿದ್ದರೇ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಕಾನೂನಿನಲ್ಲಿ ಅರ್ಧ ಉತ್ತರ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಸಂರಕ್ಷಣಾ ಮೀಸಲು ಎಂಬ ವರ್ಗ ಹುಟ್ಟಿತು. ಅಭಯಾರಣ್ಯದ ಹಾಗೆ ಜನರನ್ನು ಹೊರಗಿಡುವುದರ ಬದಲು ಅವರನ್ನು ಜೊತೆಗಿಟ್ಟುಕೊಳ್ಳುವುದೇ ಅದರ ಉದ್ದೇಶ. ಘೋಷಣೆಗೆ ಮೊದಲು ಸ್ಥಳೀಯ ಸಮುದಾಯಗಳ ಜೊತೆ ಸಮಾಲೋಚನೆ ಆಗಬೇಕು ಎನ್ನುತ್ತದೆ 36ಎ ಕಲಮು. ಅದರ ನಿರ್ವಹಣಾ ಸಮಿತಿಯಲ್ಲಿ, ಆ ಪ್ರದೇಶ ಯಾವ ಗ್ರಾಮ ಪಂಚಾಯಿತಿಗೆ ಸೇರಿದೆಯೋ ಅದರ ಪ್ರತಿನಿಧಿ ಇರಬೇಕು ಎನ್ನುತ್ತದೆ 36ಬಿ. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಹಳ್ಳಿ. ಪುಟ್ಟೇನಹಳ್ಳಿ ಈಗ ನಗರದೊಳಗಿನ ಊರು, ಅದಕ್ಕೆ ಗ್ರಾಮ ಪಂಚಾಯಿತಿಯೇ ಇಲ್ಲ. ಪಂಚಾಯಿತಿಯ ಬದಲು ಕಾರ್ಪೊರೇಟರ್ ಕೂರಲಿ ಎಂದರೆ, ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಾಗಲೂ ನಡೆಸುತ್ತಿದ್ದವರು ಅಧಿಕಾರಿಗಳೇ. ಊರಿನ ಪರವಾಗಿ ಮಾತಾಡಬೇಕಾದ ಜಾಗ ಹೀಗೆ ಖಾಲಿಯಾಯಿತು. ಮೊಥೊಮೆಲೊದವರಿಗೆ ತಮ್ಮಿಂದ ಏನನ್ನು ಕಿತ್ತುಕೊಂಡರೆಂದು ಸ್ಪಷ್ಟವಾಗಿ ಗೊತ್ತಿತ್ತು, ಹಾಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ಇಲ್ಲಿ ಯಾರೂ ಕಿತ್ತುಕೊಂಡಂತೆ ಕಾಣಲಿಲ್ಲ, ಹಾಗಾಗಿ ಕೇಳುವವರೂ ಹೆಚ್ಚಿರಲಿಲ್ಲ.

ನಗರದಲ್ಲಿ ಜನ ಕೆರೆಯನ್ನು ನೋಡಿಕೊಳ್ಳುವುದು ಆಗದ ಮಾತೇ? ಆಗುತ್ತದೆ ಎನ್ನುವುದಕ್ಕೆ ಇನ್ನೊಂದು ಪುಟ್ಟೇನಹಳ್ಳಿಯೇ ಸಾಕ್ಷಿ. ದಕ್ಷಿಣದ ಜೆ.ಪಿ. ನಗರದಲ್ಲಿ ಇದೇ ಹೆಸರಿನ ಊರು, ಅದಕ್ಕೂ 13 ಎಕರೆ ಸುಮಾರಿನ ಒಂದು ಕೆರೆ. ಬತ್ತಿ ಕಸದ ಗುಂಡಿಯಾಗುತ್ತಿದ್ದ ಅದನ್ನು ನೋಡಿಕೊಳ್ಳಲು 2010ರಲ್ಲಿ ಅಕ್ಕಪಕ್ಕದವರು ಟ್ರಸ್ಟು ಕಟ್ಟಿದರು, ಮರುವರ್ಷ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡರು. ಮಳೆನೀರಿನ ದಾರಿ ಬಿಡಿಸಿದರು, ಪಕ್ಕದ ಅಪಾರ್ಟ್‌ಮೆಂಟಿನ ಸಂಸ್ಕರಿತ ನೀರನ್ನು ಕೆರೆಗೆ ತಿರುಗಿಸಿಕೊಂಡರು, ಜೊಂಡು ತೆಗೆಸುವ ಖರ್ಚಿಗೆ ಚಂದಾ ಎತ್ತಿದರು. ಆ ಕೆರೆ ಇಂದು ಜೀವಂತವಾಗಿದೆ.

ಆದರೂ ಟ್ರಸ್ಟೇ ಎಲ್ಲ ಕೆರೆಗೂ ಮದ್ದು ಎಂದು ನಾನು ಹೇಳಲಾರೆ. ಬಿಡುವು, ಓದು, ಇಂಗ್ಲಿಷು ಇರುವವರು ಕೂಡಿದಾಗ ಟ್ರಸ್ಟು ಹುಟ್ಟುತ್ತದೆ. ಮುಂಜಾನೆ ನಡೆದಾಡುವವರ ಕೆರೆ ಬೇರೆ, ಹುಲ್ಲು ಕೊಯ್ಯುವವಳ ಕೆರೆ ಬೇರೆ. ಹಸು ಸಾಕುವವರು, ಮೀನು ಹಿಡಿಯುವವರು, ಶೆಡ್ಡುಗಳಲ್ಲಿರುವ ಉತ್ತರ ಕರ್ನಾಟಕದ ಕಟ್ಟಡ ಕೆಲಸದವರು ಚಂದಾ ಕೊಟ್ಟು ಸದಸ್ಯರಾಗುವುದಿಲ್ಲ. ಹಳೆಯ ಏರ್ಪಾಡು ನೀರುಗಂಟಿಯನ್ನು ದುಡಿಸಿಕೊಂಡು ಮಾತಿನಿಂದ ಹೊರಗಿಟ್ಟಿತು. ಹೊಸದೂ ಅದನ್ನೇ ಮಾಡಬಾರದು. ಆದ್ದರಿಂದ ಇದು ಸಾರ್ವಜನಿಕ ಹಕ್ಕಾಗಿಯೇ ಬರಬೇಕು, ಸದಸ್ಯತ್ವದ ಶುಲ್ಕವಿಲ್ಲದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಸಂರಕ್ಷಣಾ ಮೀಸಲು ನಗರದೊಳಗೆ ಇದ್ದಾಗ, ಗ್ರಾಮ ಪಂಚಾಯಿತಿಗೆ ಕಾಯ್ದೆ ಕೊಟ್ಟಿರುವ ಜಾಗ ವಾರ್ಡಿನ ಸಭೆ ಆರಿಸಿ ಕಳಿಸಿದವರಿಗೆ ಸಲ್ಲಲಿ, ಅವರಲ್ಲಿ ಹಳೆಯ ಊರಿನ ದಲಿತ ಕೇರಿಯವರೊಬ್ಬರು ಕಡ್ಡಾಯವಾಗಿ ಇರಲಿ. ಸಮಿತಿಯ ಅಧಿಕಾರ ಬೇಲಿಯೊಳಗಿನ 37 ಎಕರೆಗೆ ನಿಲ್ಲದೆ ಕೆರೆಗೆ ನೀರು ತರುವ ಕಾಲುವೆಗಳ ಉದ್ದಕ್ಕೂ ಚಾಚಲಿ, ಆ ಕಾಲುವೆಯ ಮೇಲೆ ಕಟ್ಟಡದ ನಕ್ಷೆ ಮಂಜೂರಾಗುವ ಮುನ್ನ ಅವರ ಒಪ್ಪಿಗೆ ಬೇಕೆಂದಾಗಲಿ. ಸಂಬಳ ಪಡೆಯುವ ನೀರುಗಂಟಿಯೊಬ್ಬ ಇರಲಿ, ಅಥವಾ ಒಬ್ಬಳು. ಮಳೆಗಾಲಕ್ಕೆ ಮೊದಲು ಕಾಲುವೆ ನಡೆದು ನೋಡುವುದು, ಎಲ್ಲಿ ಚರಂಡಿ ಸೇರುತ್ತಿದೆ ಎಂದು ಗುರುತಿಸುವುದು, ಕೆರೆಯ ನೀರಿನ ಮಟ್ಟವನ್ನು ಏರಿಯ ಮೇಲಿನ ಹಲಗೆಯಲ್ಲಿ ವಾರವಾರವೂ ಬರೆಯುವುದು ಆ ಹುದ್ದೆಯ ಕೆಲಸವಾಗಲಿ. ನಿಗದಿತ ಅಳತೆ ಮೀರಿದ ಸೈಟಿನ ಮನೆಗಳಲ್ಲಿ ಮಳೆನೀರು ಹಿಡಿಯುವುದನ್ನು 2009ರಲ್ಲೇ ಜಲಮಂಡಳಿ ಕಾಯ್ದೆಯಲ್ಲಿ ಕಡ್ಡಾಯ ಮಾಡಲಾಗಿದೆ. ಯಾವ ಬೀದಿಯಲ್ಲಿ ಎಷ್ಟು ಮನೆಯವರು ಹಿಡಿಯುತ್ತಿದ್ದಾರೆಂಬ ಲೆಕ್ಕವೂ ಅದೇ ಹಲಗೆಗೆ ಬರಲಿ. ಹತ್ತಿರದ ಯಾವುದೇ ಸಂಸ್ಕರಿತ ನೀರನ್ನು ಸ್ಥಾವರಕ್ಕೋ ಬೇರೆ ಜಿಲ್ಲೆಯ ಕೆರೆಗೋ ಕೊಡುವ ತೀರ್ಮಾನವಾಗುವ ದಿನ, ಆ ಸಭೆಗೆ ಈ ಸಮಿತಿಯನ್ನು ಕರೆಯಲಿ ಮತ್ತು ಅದು ಹೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಲಿ.

ಇದಕ್ಕೆ ಹೊಸ ಅಣೆಕಟ್ಟು ಬೇಡ, ಸಾವಿರಾರು ಕೋಟಿಯ ಸಾಲವೂ ಬೇಡ. ಸರ್ಕಾರದ ಒಂದು ನಿಯಮಾವಳಿ, ಪಾಲಿಕೆಯ ಬಜೆಟ್ಟಿನಲ್ಲಿ ಒಬ್ಬರ ಸಂಬಳ, ಮುಂಗಾರಿಗೆ ಮೊದಲು ಒಂದು ವಾರ್ಡ್ ಸಭೆ ಸಾಕು. ಆ ಸಭೆಯನ್ನು ಈ ವರ್ಷವೇ ಕರೆಯಬಹುದು.